ಹೆಚ್ಚುವರಿ ಹಣ ಹೋಗುವುದೆಲ್ಲಿಗೆ? ದುಬಾರಿ ಕಂಪ್ಯೂಟರ್‌ಗಳ ನಾಲ್ಕು ದಶಕದ ಲೆಕ್ಕ

ಒಂದೇ ಪ್ರೊಸೆಸರ್, ಅಷ್ಟೇ ರ‍್ಯಾಮ್, ಅಷ್ಟೇ ಎಸ್‌ಎಸ್‌ಡಿ. ಆದರೂ ಅಕ್ಕಪಕ್ಕ ಇಟ್ಟ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಒಂದರ ಬೆಲೆ ಇನ್ನೊಂದರ ಎರಡು ಪಟ್ಟು. ಪೆಟ್ಟಿಗೆಯ ಮೇಲಿನ ವಿವರ ಓದಿದವರಿಗೆ ದುಬಾರಿಯದನ್ನು ಕೊಳ್ಳುವವರು ಬರೀ ಹೆಸರಿಗೆ ದುಡ್ಡು ಸುರಿಯುತ್ತಿದ್ದಾರೆ ಅನಿಸುವುದು ಸಹಜ. ಮೂರು ವರ್ಷ ಬಿಟ್ಟು ಅವೆರಡನ್ನೂ ರಿಪೇರಿ ಮೇಜಿನ ಮೇಲೆ ಬಿಚ್ಚಿ ನೋಡಿದರೆ ಲೆಕ್ಕ ಬೇರೆಯೇ ಆಗಿರುತ್ತದೆ. ಹಾಗೆಂದು ಪ್ರತಿ ಸಲವೂ ದುಬಾರಿಯದೇ ಗೆಲ್ಲುತ್ತದೆ ಎಂದಲ್ಲ. ಈ ಜಗಳ ಪಿಸಿಯಷ್ಟೇ ಹಳೆಯದು. ದಶಕ ದಶಕಕ್ಕೂ ಬದಲಾಗಿರುವುದು, ಆ ಹೆಚ್ಚುವರಿ ಹಣ ಯಾವ ಭಾಗಕ್ಕೆ ಹೋಗುತ್ತದೆ ಎಂಬುದಷ್ಟೇ.

1981ರ ಆಗಸ್ಟ್ 12ರಂದು ಐಬಿಎಂ ತನ್ನ ಪಿಸಿಯನ್ನು, ಅಂದರೆ 5150 ಮಾದರಿಯನ್ನು, ಹೊರತಂದಾಗ ಆರಂಭಿಕ ಬೆಲೆ 1,565 ಡಾಲರ್ ಇತ್ತು. ಅಷ್ಟು ಕೊಟ್ಟರೆ ಬರುತ್ತಿದ್ದದ್ದು 16 ಕೆಬಿ ಮೆಮೊರಿ. ಮಾನಿಟರ್ ಮತ್ತು ಫ್ಲಾಪಿ ಡ್ರೈವ್‌ಗೆ ಬೇರೆ ದುಡ್ಡು. ಬೇಗ ಮುಗಿಸುವ ಅವಸರದಲ್ಲಿ ಐಬಿಎಂ ಮುಖ್ಯ ಭಾಗಗಳನ್ನೆಲ್ಲ ಹೊರಗಿನಿಂದಲೇ ತಂದು ಜೋಡಿಸಿತ್ತು. ಪ್ರೊಸೆಸರ್ ಇಂಟೆಲ್‌ನ 8088, ಆಪರೇಟಿಂಗ್ ಸಿಸ್ಟಮ್ ಮೈಕ್ರೋಸಾಫ್ಟ್‌ನದು. ಇನ್ನೊಬ್ಬರು ನಕಲು ಮಾಡಲಾಗದಂತೆ ಐಬಿಎಂ ಬಳಿ ಉಳಿದದ್ದು ಕಾಪಿರೈಟ್ ಇದ್ದ ಬಯಾಸ್ (ಯಂತ್ರ ಚಾಲೂ ಆಗುವಾಗ ಮೊದಲು ಓಡುವ ಮೂಲ ತಂತ್ರಾಂಶ) ಒಂದೇ.

ಆ ಬಾಗಿಲಿನ ಬೀಗ ತೆಗೆದದ್ದು ಕಾಂಪ್ಯಾಕ್ ಎಂಬ ಕಂಪನಿ. ಐಬಿಎಂನ ಬಯಾಸ್ ಏನೇನು ಮಾಡುತ್ತದೆ ಎಂದು ಒಂದು ತಂಡ ಓದಿ ವಿವರ ಬರೆಯಿತು. ಮೂಲ ಕೋಡ್ ಅನ್ನು ಕಣ್ಣಿಂದಲೂ ನೋಡಿರದ ಇನ್ನೊಂದು ತಂಡ ಆ ವಿವರವನ್ನಷ್ಟೇ ಇಟ್ಟುಕೊಂಡು ಹೊಸದಾಗಿ ಕೋಡ್ ಬರೆಯಿತು. ಹೀಗೆ ಬರೆದದ್ದು ಕಾನೂನಿನ ಕಣ್ಣಲ್ಲಿ ನಕಲು ಅಲ್ಲ. ಕಾಂಪ್ಯಾಕ್ ಪೋರ್ಟಬಲ್ 1983ರಲ್ಲಿ ಮಾರಾಟಕ್ಕೆ ಬಂತು. 1984ರ ಹೊತ್ತಿಗೆ ಫೀನಿಕ್ಸ್ ಕಂಪನಿ ಇದೇ ವಿಧಾನದಲ್ಲಿ ಮಾಡಿದ ಬಯಾಸ್ ಅನ್ನು ಕೇಳಿದವರಿಗೆಲ್ಲ ಮಾರತೊಡಗಿತು. ಅಲ್ಲಿಂದ ಮುಂದೆ ಒಳಗಿನ ಯಂತ್ರ ಎಲ್ಲರದ್ದೂ ಒಂದೇ. ‘ಐಬಿಎಂ ಕೊಂಡಿದ್ದಕ್ಕೆ ಯಾರ ನೌಕರಿಯೂ ಹೋಗಿಲ್ಲ’ ಎಂಬ ಮಾತು ಕಚೇರಿಗಳಲ್ಲಿ ಚಾಲ್ತಿಯಲ್ಲಿತ್ತು. ಜನ ಹೆಚ್ಚು ಹಣ ಕೊಡುತ್ತಿದ್ದದ್ದು ವೇಗಕ್ಕಲ್ಲ, ಧೈರ್ಯಕ್ಕೆ.

ಕೈತಪ್ಪಿದ್ದನ್ನು ಮರಳಿ ಹಿಡಿಯಲು ಐಬಿಎಂ 1987ರಲ್ಲಿ ಪಿಎಸ್/2 ಸರಣಿಯ ಜೊತೆ ಮೈಕ್ರೋ ಚಾನೆಲ್ ಎಂಬ, ಹೆಚ್ಚುವರಿ ಕಾರ್ಡ್ ಕೂರಿಸುವ ತನ್ನದೇ ಸ್ಲಾಟ್ ತಂದಿತು. ತಾಂತ್ರಿಕವಾಗಿ ಅದು ಒಳ್ಳೆಯದೇ. ಆದರೆ ಹಳೆಯ ಕಾರ್ಡ್‌ಗಳು ಅದರಲ್ಲಿ ಕೂರುತ್ತಿರಲಿಲ್ಲ, ಬೇರೆ ಕಂಪನಿಗಳು ಬಳಸಬೇಕಾದರೆ ಲೈಸೆನ್ಸ್ ಶುಲ್ಕ ತೆರಬೇಕಿತ್ತು. ಮರುವರ್ಷ ಕಾಂಪ್ಯಾಕ್ ಮುಂದಾಳತ್ವದಲ್ಲಿ ಒಂಬತ್ತು ಕಂಪನಿಗಳು ಸೇರಿ ಹಳೆಯ ಕಾರ್ಡ್‌ಗಳೂ ಹಿಡಿಸುವ ಇಐಎಸ್‌ಎ ಎಂಬ ಸ್ಲಾಟ್ ಘೋಷಿಸಿದವು. ಐಬಿಎಂ ಸೋತಿತು. ಗೆದ್ದ ಕಾಂಪ್ಯಾಕ್ ಕೂಡ ‘ದುಬಾರಿ ಆದರೆ ಗಟ್ಟಿ’ ಎಂಬ ಹೆಸರಿನ ಮೇಲೆ ಹೆಚ್ಚು ದಿನ ಕೂರಲಾಗಲಿಲ್ಲ. 1992ರಲ್ಲಿ ಅದೂ ಬೆಲೆ ಇಳಿಸಿ ಅಗ್ಗದ ಪ್ರೊಲಿನಿಯಾ ಸರಣಿ ತರಬೇಕಾಯಿತು. ಡೆಸ್ಕ್‌ಟಾಪ್‌ನ ಮಟ್ಟಿಗೆ ಹೆಸರಿನ ಬೆಲೆ ಅಲ್ಲಿಗೆ ಬಹುಪಾಲು ಮುಗಿಯಿತು. ಇವತ್ತಿಗೂ ಡೆಸ್ಕ್‌ಟಾಪ್ ಕೊಳ್ಳುವವರಿಗೆ ದುಬಾರಿ ಬ್ರ್ಯಾಂಡ್ ಬೇಕಾಗುವುದು ಅಪರೂಪ. ಪವರ್ ಸಪ್ಲೈ ಒಂದರಲ್ಲಿ ಜಿಪುಣತನ ಮಾಡದಿದ್ದರೆ ಸಾಕು, ಉಳಿದದ್ದನ್ನು ಬೇಕೆಂದಾಗ ಬದಲಾಯಿಸಿಕೊಳ್ಳಬಹುದು.

ಆ್ಯಪಲ್ ಮಾತ್ರ ಈ ದಾರಿ ಹಿಡಿಯಲಿಲ್ಲ. ಮ್ಯಾಕಿಂಟಾಶ್‌ನ ಆಪರೇಟಿಂಗ್ ಸಿಸ್ಟಮ್ ಬೇರೆಯವರ ಯಂತ್ರದಲ್ಲಿ ಸಿಗುತ್ತಿರಲಿಲ್ಲ, ಹಾಗಾಗಿ ಅದರ ಬೆಲೆಯನ್ನು ಪಕ್ಕದ ಯಂತ್ರದ ಬೆಲೆ ಎಳೆದು ಕೆಳಗಿಳಿಸಲಾಗುತ್ತಿರಲಿಲ್ಲ. 1995ರಲ್ಲಿ ಬೇರೆಯವರಿಗೆ ಲೈಸೆನ್ಸ್ ಕೊಟ್ಟು ನೋಡಿದರು. ಅಗ್ಗದ ಮ್ಯಾಕ್‌ಗಳು ಆ್ಯಪಲ್‌ನದೇ ಗಿರಾಕಿಗಳನ್ನು ಕಿತ್ತುಕೊಳ್ಳತೊಡಗಿದವು. 1997ರಲ್ಲಿ ಸ್ಟೀವ್ ಜಾಬ್ಸ್ ಮರಳಿ ಬಂದ ಮೇಲೆ ಅದನ್ನು ನಿಲ್ಲಿಸಿದರು.

ಬೆಲೆಯ ವ್ಯತ್ಯಾಸಕ್ಕೆ ನಿಜವಾದ ನೆಲೆ ಸಿಕ್ಕಿದ್ದು ಲ್ಯಾಪ್‌ಟಾಪ್ ಬಂದ ಮೇಲೆ. 1992ರಲ್ಲಿ ಐಬಿಎಂ ತಂದ (ಥಿಂಕ್‌ಪ್ಯಾಡ್ ಹೆಸರು ಮುಂದೆ ಲೆನೊವೊ ಪಾಲಾಯಿತು) ಥಿಂಕ್‌ಪ್ಯಾಡ್ 700ಸಿಯನ್ನು ನೆನಪಿಸಿಕೊಂಡರೆ ಇದು ತಿಳಿಯುತ್ತದೆ: ಅದರ 10.4 ಇಂಚಿನ ಬಣ್ಣದ ಪರದೆ, ಪರದೆಯ ಮೇಲಿನ ಬಾಣ ಸರಿಸಲು ಕೀಬೋರ್ಡ್ ನಡುವೆ ಇದ್ದ ಕೆಂಪು ಗುಬುಟು, ಒತ್ತಿದರೆ ಕೈಗೆ ಹಿತವಾಗುವ ಕೀಗಳು. ಇವುಗಳಲ್ಲಿ ಯಾವುದನ್ನೂ ಆಮೇಲೆ ಅಂಗಡಿಯಿಂದ ತಂದು ಹಾಕಿಕೊಳ್ಳಲಾಗದು. ಲ್ಯಾಪ್‌ಟಾಪ್‌ನಲ್ಲಿ ಪರದೆ, ಕೀಬೋರ್ಡ್, ತಿರುಗಣೆ, ಫ್ಯಾನ್ ಎಲ್ಲವೂ ಕೊಂಡ ದಿನವೇ ತೀರ್ಮಾನವಾಗಿಬಿಡುತ್ತವೆ. ಪೆಟ್ಟಿಗೆಯ ಮೇಲೆ ಅಚ್ಚಾಗದ ಸಂಗತಿಗಳೂ ಇವೇ.

ತಿರುಗಣೆ, ಅಂದರೆ ಹಿಂಜ್ ಅನ್ನೇ ತೆಗೆದುಕೊಳ್ಳಿ. ಅಗ್ಗದ ಮಾದರಿಯ ತಳಭಾಗದಲ್ಲಿ ಪ್ಲಾಸ್ಟಿಕ್‌ನ ಸಣ್ಣ ಗೂಟಗಳಿರುತ್ತವೆ. ಪ್ರತಿ ಗೂಟದೊಳಗೆ ಬಿಸಿ ಮಾಡಿ ಒತ್ತಿ ಕೂರಿಸಿದ ಹಿತ್ತಾಳೆಯ ನಟ್ಟು, ಹಿಂಜ್‌ನ ಉಕ್ಕಿನ ಪಟ್ಟಿ ಅದಕ್ಕೆ ಸಣ್ಣ ಸ್ಕ್ರೂಗಳಿಂದ ಬಿಗಿದಿರುತ್ತದೆ. ಹಿಂಜ್ ಪರದೆಯನ್ನು ಹಿಡಿದು ನಿಲ್ಲಿಸುವುದು ಘರ್ಷಣೆಯಿಂದ. ಎರಡು ಮೂರು ವರ್ಷದಲ್ಲಿ ಒಳಗಿನ ಗ್ರೀಸ್ ಒಣಗಿ ಅದು ಬಿಗಿಯಾಗುತ್ತದೆ. ಆಗ ಮುಚ್ಚಳ ತೆರೆಯುವ ಬಲವೆಲ್ಲ ಗೂಟಗಳ ಮೇಲೆ ಬೀಳುತ್ತದೆ. ಒಂದು ದಿನ ‘ಟಕ್’ ಎಂಬ ಸದ್ದು; ಹಿತ್ತಾಳೆ ನಟ್ಟು ಪ್ಲಾಸ್ಟಿಕ್ ಸಮೇತ ಕಿತ್ತು ಬಂದಿರುತ್ತದೆ. ಅದನ್ನು ಕಡೆಗಣಿಸಿ ಮತ್ತೆ ಮತ್ತೆ ತೆರೆದರೆ ಮೂಲೆ ಬಿರುಕು ಬಿಟ್ಟು ಪರದೆಯ ಕೇಬಲ್ ಕತ್ತರಿಸುತ್ತದೆ. ಎಪಾಕ್ಸಿ ಅಂಟು ಹಾಕಿ ಕೂರಿಸಬಹುದು, ಆದರೆ ಮೊದಲು ಹಿಂಜ್‌ನ ಬಿಗಿಯನ್ನು ಸಡಿಲಿಸದಿದ್ದರೆ ಅಂಟು ಕೂಡ ಕೆಲವೇ ತಿಂಗಳು ತಡೆಯುತ್ತದೆ. ದುಬಾರಿ ಮಾದರಿಗಳಲ್ಲಿ ಇದೇ ಸ್ಕ್ರೂಗಳು ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂ ಚೌಕಟ್ಟಿಗೆ ಕಚ್ಚಿಕೊಂಡಿರುತ್ತವೆ. ಕೊಳ್ಳುವಾಗ ಮುಚ್ಚಳದ ಒಂದೇ ಮೂಲೆಯನ್ನು ಹಿಡಿದು ತೆರೆದು ನೋಡಿ. ಪರದೆ ಬಳುಕಿದರೆ, ಅಥವಾ ಹಿಂಜ್ ಬಳಿ ತಳಭಾಗ ಕೂದಲೆಳೆಯಷ್ಟು ಮೇಲೆದ್ದರೂ, ಅದರ ಆಯುಸ್ಸು ಅಷ್ಟರಲ್ಲೇ ಇದೆ.

ತಂಪುಗೊಳಿಸುವ ವ್ಯವಸ್ಥೆಯದ್ದು ಇನ್ನೂ ಸೂಕ್ಷ್ಮ ಕತೆ. ಒಂದೇ ಹೆಸರಿನ ಪ್ರೊಸೆಸರ್ ಅನ್ನು ಒಬ್ಬ ತಯಾರಕ 15 ವ್ಯಾಟ್‌ಗೆ, ಇನ್ನೊಬ್ಬ 28 ವ್ಯಾಟ್‌ಗೆ ಹೊಂದಿಸಬಹುದು. ಮೊದಲ ಅರ್ಧ ನಿಮಿಷ ಎರಡೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಓಡುತ್ತವೆ, ಏಕೆಂದರೆ ಅಷ್ಟು ಹೊತ್ತು ಮಿತಿ ಮೀರಿ ವಿದ್ಯುತ್ ಎಳೆಯಲು ಚಿಪ್‌ಗೆ ಅನುಮತಿ ಇರುತ್ತದೆ. ಆಮೇಲೆ ಬಿಸಿಯನ್ನು ಹೊರಸಾಗಿಸುವ ಒಂದೇ ಹೀಟ್ ಪೈಪ್, ಒಂದೇ ಪುಟ್ಟ ಫ್ಯಾನ್ ಇರುವ ಯಂತ್ರ ಏದುಸಿರು ಬಿಡುತ್ತದೆ. ಚುಟುಕು ಬೆಂಚ್‌ಮಾರ್ಕ್‌ಗಳಲ್ಲಿ ಇದು ಕಾಣುವುದಿಲ್ಲ. 15 ನಿಮಿಷ ವಿಡಿಯೋ ಎಕ್ಸ್‌ಪೋರ್ಟ್ ಮಾಡಿಸಿದರೆ ಬಣ್ಣ ಬಯಲು.

ಅಗ್ಗದ ಯಂತ್ರದ ಪರದೆಯ ವಿವರದಲ್ಲಿ ‘45% ಎನ್‌ಟಿಎಸ್‌ಸಿ, 250 ನಿಟ್ಸ್’ ಎಂದಿದ್ದರೆ (ಮೊದಲನೆಯದು ಬಣ್ಣಗಳ ವ್ಯಾಪ್ತಿ, ಎರಡನೆಯದು ಹೊಳಪು) ಕೆಂಪು ಇಟ್ಟಿಗೆಯಂತೆಯೂ ಕಿಟಕಿಯ ಪಕ್ಕದ ಬೆಳಕಿನಲ್ಲಿ ಅಕ್ಷರ ಮಸುಕಾಗಿಯೂ ಕಾಣುತ್ತದೆ ಎಂದರ್ಥ. ‘100% ಎಸ್‌ಆರ್‌ಜಿಬಿ, 300 ನಿಟ್ಸ್’ ಕನಿಷ್ಠ ಎಂದಿಟ್ಟುಕೊಳ್ಳಿ. ಎರಡು ಸ್ಲಾಟ್‌ಗಳಲ್ಲಿ ಒಂದಕ್ಕಷ್ಟೇ 8 ಜಿಬಿ ರ‍್ಯಾಮ್ ಹಾಕಿ, ಮೇಲೆ ಐ7 ಸ್ಟಿಕ್ಕರ್ ಅಂಟಿಸಿ ಮಾರುವುದೂ ಮಾಮೂಲಿ. ಒಂದೇ ಚಾನೆಲ್‌ನಲ್ಲಿ ಮೆಮೊರಿಯ ಬ್ಯಾಂಡ್‌ವಿಡ್ತ್ ಅರ್ಧಕ್ಕಿಳಿದು, ಅದನ್ನೇ ನಂಬಿಕೊಂಡ ಗ್ರಾಫಿಕ್ಸ್ ಕುಂಟುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದರೆ ಇದೇ. ಅದೃಷ್ಟಕ್ಕೆ, ಎರಡನೇ ಸ್ಲಾಟ್ ಇದ್ದರೆ ಐದು ನಿಮಿಷದಲ್ಲಿ ಸರಿಪಡಿಸಬಹುದಾದ ದೋಷವಿದು.

ಇಷ್ಟಾದರೂ ಹೆಸರನ್ನೇ ನಂಬಿ ಕೂತವರಿಗೆ ಚರಿತ್ರೆ ಹಲವು ಪೆಟ್ಟು ಕೊಟ್ಟಿದೆ. ಹೆಸರು ಯಾರದೇ ಇರಲಿ, ಲ್ಯಾಪ್‌ಟಾಪ್‌ಗಳನ್ನು ಜೋಡಿಸುವುದು ಹೆಚ್ಚಾಗಿ ಕ್ವಾಂಟಾ, ಕಾಂಪಲ್, ವಿಸ್ಟ್ರಾನ್, ಇನ್ವೆಂಟೆಕ್‌ನಂಥ ಕೆಲವೇ ತೈವಾನ್ ಮೂಲದ ಕಂಪನಿಗಳು. ಒಳಗಿನ ಸರಕೂ ಕೆಲವೇ ಕಡೆಯಿಂದ ಬರುತ್ತದೆ. 2006ರಲ್ಲಿ ಡೆಲ್ 41 ಲಕ್ಷ, ಆ್ಯಪಲ್ 18 ಲಕ್ಷ ಬ್ಯಾಟರಿಗಳನ್ನು ವಾಪಸ್ ಕರೆಸಿಕೊಂಡವು. ಎರಡರ ಒಳಗೂ ಇದ್ದದ್ದು ಸೋನಿ ತಯಾರಿಸಿದ ಸೆಲ್‌ಗಳು. 2000ದ ದಶಕದ ಮೊದಲ ವರ್ಷಗಳಲ್ಲಿ ಕೆಟ್ಟ ಕೆಪಾಸಿಟರ್‌ಗಳು ಮದರ್‌ಬೋರ್ಡ್‌ಗಳ ಮೇಲೆ ಉಬ್ಬಿ ಸೋರಿದಾಗ, ಕಚೇರಿಗಳಿಗೆಂದೇ ಮಾಡಿದ ಡೆಲ್ ಆಪ್ಟಿಪ್ಲೆಕ್ಸ್ ಕೂಡ ತಪ್ಪಿಸಿಕೊಳ್ಳಲಿಲ್ಲ. 2008ರ ಎನ್‌ವಿಡಿಯಾ ಗ್ರಾಫಿಕ್ಸ್ ಚಿಪ್‌ಗಳ ದೋಷ ಮ್ಯಾಕ್‌ಬುಕ್ ಪ್ರೊ, ಡೆಲ್, ಎಚ್‌ಪಿ ಎಂಬ ಭೇದವಿಲ್ಲದೆ ಎಲ್ಲರನ್ನೂ ಕಾಡಿತು. ಬಿಸಿಯಾಗಿ ತಣ್ಣಗಾಗಿ ಬೆಸುಗೆಯ ಗುಂಡುಗಳು ಬಿರಿಯುತ್ತಿದ್ದವು. ದುಬಾರಿ ಯಂತ್ರದ್ದೇ ಸ್ವಂತ ರೋಗವೂ ಉಂಟು. 2015ರ ಮ್ಯಾಕ್‌ಬುಕ್‌ನಲ್ಲಿ ಬಂದ ಬಟರ್‌ಫ್ಲೈ ಕೀಬೋರ್ಡ್, ಒಂದು ಕಣ ಧೂಳು ಸಿಕ್ಕರೂ ಕೀ ಒತ್ತದೆ, ಇಲ್ಲವೇ ಒಮ್ಮೆ ಒತ್ತಿದರೆ ಎರಡು ಸಲ ಅಕ್ಷರ ಮೂಡಿಸಿ ಸತಾಯಿಸಿತು. 2018ರಲ್ಲಿ ಉಚಿತ ರಿಪೇರಿ ಯೋಜನೆ ಬಂತು, ಹಳೆಯ ಬಗೆಯ ಕೀಲುಗಳಿಗೆ ಮರಳಿದ್ದು 2019ರ ಕೊನೆಯಲ್ಲಿ.

ಅಗ್ಗದ ಬೆಲೆಯ ಹಿಂದೆ ಇರುವ ಇನ್ನೊಂದು ಗುಟ್ಟು 2015ರಲ್ಲಿ ಬಯಲಾಯಿತು. ಲೆನೊವೊ ತನ್ನ ಮನೆಬಳಕೆಯ ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶವನ್ನು ಮೊದಲೇ ತುಂಬಿ ಕಳಿಸಿತ್ತು. ಅದು ಬ್ಯಾಂಕಿನ ಜಾಲತಾಣದ ಸುರಕ್ಷಿತ ಸಂಪರ್ಕದ ನಡುವೆಯೂ ತೂರಿಕೊಳ್ಳುತ್ತಿತ್ತು. ಸಾಲದ್ದಕ್ಕೆ ಎಲ್ಲ ಯಂತ್ರಗಳಲ್ಲೂ ಒಂದೇ ಗುಪ್ತ ಕೀಲಿ. ಅದೇ ಕಂಪನಿಯ ಥಿಂಕ್‌ಪ್ಯಾಡ್‌ಗಳಲ್ಲಿ ಅದು ಇರಲಿಲ್ಲ. ಹಾಗಾಗಿ ‘ಯಾವ ಕಂಪನಿ ಒಳ್ಳೆಯದು’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಒಂದೇ ಲೋಗೋದಡಿ ಒಳ್ಳೆಯ ಸರಣಿಯೂ ಇದೆ, ಕಳಪೆ ಸರಣಿಯೂ ಇದೆ. ಬೆಲೆ ಕೊಡಬೇಕಾದದ್ದು ಸರಣಿಗೆ.

2008ರ ಮ್ಯಾಕ್‌ಬುಕ್ ಏರ್ ತೆಳುವಾಗುವ ಓಟ ಶುರುಮಾಡಿತು, ಅದೇ ವರ್ಷ ಇಡೀ ಅಲ್ಯೂಮಿನಿಯಂ ಗಟ್ಟಿಯಿಂದ ಕೊರೆದ ಮೈಯೂ ಬಂತು. ತೆಳುತನಕ್ಕೆ ತೆತ್ತ ಬೆಲೆ ಎದ್ದು ಕಂಡದ್ದು 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊದಲ್ಲಿ: ಅತ್ಯುತ್ತಮ ಪರದೆ, ಆದರೆ ರ‍್ಯಾಮ್ ಬೋರ್ಡಿಗೇ ಬೆಸುಗೆ, ಬ್ಯಾಟರಿ ಅಂಟಿನಲ್ಲಿ. ಮುಂದೆ ಎಸ್‌ಎಸ್‌ಡಿಯೂ ಬೆಸುಗೆಯಾಯಿತು, ವಿಂಡೋಸ್‌ನ ತೆಳು ಲ್ಯಾಪ್‌ಟಾಪ್‌ಗಳೂ ಮೆಮೊರಿಯ ವಿಷಯದಲ್ಲಿ ಅದೇ ದಾರಿ ಹಿಡಿದವು. ಇಂಥ ಯಂತ್ರದ ಮೇಲೆ ನೀರು ಚೆಲ್ಲಿ ಬೋರ್ಡ್ ಸತ್ತರೆ ಡೇಟಾ ಕೂಡ ಬಹುಪಾಲು ಅದರೊಂದಿಗೇ ಹೋಗುತ್ತದೆ. ಈಚಿನ ಮ್ಯಾಕ್‌ಗಳಲ್ಲಿ ಸಂಗ್ರಹ ಚಿಪ್ ಅನ್ನು ಬಿಡಿಸಿ ಬೇರೆಡೆ ಓದಲೂ ಆಗದು, ಗೂಢಲಿಪಿಯ ಕೀಲಿ ಮುಖ್ಯ ಪ್ರೊಸೆಸರ್‌ಗೆ ಕಟ್ಟಿಕೊಂಡಿರುತ್ತದೆ. ಬ್ಯಾಕಪ್ ಇಲ್ಲದೆ ಇಂಥದ್ದನ್ನು ಬಳಸಲೇಬಾರದು.

2020ರ ನವೆಂಬರ್‌ನಲ್ಲಿ ಆ್ಯಪಲ್ ತಾನೇ ರೂಪಿಸಿದ ಎಂ1 ಪ್ರೊಸೆಸರ್ ಬಂದಾಗ ಮಾತ್ರ ನಾಲ್ಕು ದಶಕದ ಲೆಕ್ಕ ತಲೆಕೆಳಗಾಯಿತು. ಅಲ್ಲಿಯವರೆಗೆ ಎಲ್ಲ ತಯಾರಕರಿಗೂ ಕೊಳ್ಳಲು ಸಿಗುತ್ತಿದ್ದ ಪ್ರೊಸೆಸರ್ ಇಲ್ಲಿ ಒಂದೇ ಕಂಪನಿಯ ಸೊತ್ತಾಯಿತು. ಹಿಂದಿನ ಏರ್‌ನ ಬೆಲೆಗೇ ಫ್ಯಾನ್ ಇಲ್ಲದ, ದಿನವಿಡೀ ಬ್ಯಾಟರಿ ನಿಲ್ಲುವ, ಅದಕ್ಕಿಂತ ಬಹಳ ವೇಗದ ಯಂತ್ರ. ದುಬಾರಿ ಎನ್ನುವ ಮಾತು ಆ ಮೂಲ ಮಾದರಿಗೆ ಹೊಂದುವುದಿಲ್ಲ. ದುಬಾರಿಯಾಗುವುದು ಮೇಲಿನ ಮೆಟ್ಟಿಲುಗಳಲ್ಲಿ: ಬಿಡಿಯಾಗಿ ಕೊಂಡರೆ ಆಗುವುದಕ್ಕಿಂತ ಹಲವು ಪಟ್ಟು ಬೆಲೆ ಹೆಚ್ಚುವರಿ ರ‍್ಯಾಮ್‌ಗೆ, ಸಂಗ್ರಹಕ್ಕೆ. ಬೆಸುಗೆ ಹಾಕಿದ್ದರ ವ್ಯಾಪಾರಿ ಲಾಭ ಇರುವುದು ಇಲ್ಲೇ ಎಂದು ನಮ್ಮ ಅಭಿಪ್ರಾಯ. ಕೆಳಗಿನ ಮೆಟ್ಟಿಲಲ್ಲೂ ಎಡವಬಹುದು. 2022ರ ಎಂ2 ಯಂತ್ರಗಳ 256 ಜಿಬಿ ಮಾದರಿಯಲ್ಲಿ ಎರಡರ ಬದಲು ಒಂದೇ ಸಂಗ್ರಹ ಚಿಪ್ ಹಾಕಿದ್ದರಿಂದ ಓದುವ ವೇಗ ಹಿಂದಿನ ಎಂ1ಗಿಂತ ಅರ್ಧದಷ್ಟಕ್ಕೆ ಕುಸಿದಿತ್ತು. ಮೂಲ ಮೆಮೊರಿ 8ರಿಂದ 16 ಜಿಬಿಗೆ ಏರಲು 2024ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು.

ಬರವಣಿಗೆ, ಬ್ರೌಸರ್, ಲೆಕ್ಕಪತ್ರದಷ್ಟೇ ಕೆಲಸವಿರುವವರಿಗೆ ಅಗ್ಗದ ಹೊಸದಕ್ಕಿಂತ, ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡ್ ಟಿ ಸರಣಿ, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್ ಲೇಸು. ಮೊದಲ ಮಾಲೀಕ ಹಿಂಜ್‌ಗೆ, ಲೋಹದ ಚೌಕಟ್ಟಿಗೆ ಪೂರ್ತಿ ಬೆಲೆ ಕೊಟ್ಟಾಗಿದೆ. ಯಾವ ಸ್ಕ್ರೂ ಎಲ್ಲಿ, ಯಾವ ಭಾಗವನ್ನು ಯಾವುದಾದ ಮೇಲೆ ಬಿಚ್ಚಬೇಕು ಎಂಬ ಕೈಪಿಡಿಗಳು ಇವಕ್ಕೆ ಉಚಿತವಾಗಿ ಸಿಗುತ್ತವೆ. ಬಳಸಿದ್ದನ್ನು ಕೊಳ್ಳುವಾಗ ಇಂಟೆಲ್ 8ನೇ ಪೀಳಿಗೆಗಿಂತ ಹಳೆಯ ಪ್ರೊಸೆಸರ್ ಇರುವುದು ಬೇಡ. ವಿಂಡೋಸ್ 11 ಅಧಿಕೃತವಾಗಿ ಅದಕ್ಕಿಂತ ಕೆಳಗಿನದನ್ನು ಬಹುತೇಕ ಒಪ್ಪುವುದಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ, ‘ಫುಲ್ ಚಾರ್ಜ್ ಕೆಪಾಸಿಟಿ’ಯನ್ನು ‘ಡಿಸೈನ್ ಕೆಪಾಸಿಟಿ’ಯಿಂದ ಭಾಗಿಸಿ. 70%ಗಿಂತ ಕಡಿಮೆ ಬಂದರೆ ಹೊಸ ಬ್ಯಾಟರಿಯ ಬೆಲೆಯನ್ನು ಕಳೆದು ಚೌಕಾಸಿ ಮಾಡಿ. ಕೀಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿ, ಚಾರ್ಜರ್ ಪಿನ್ ಅಲ್ಲಾಡಿಸಿ ನೋಡಿ.

ಕೊನೆಗೆ ಯಂತ್ರವನ್ನು ರೀಸ್ಟಾರ್ಟ್ ಮಾಡಿ ಬಯಾಸ್ ಒಳಗೆ ಹೋಗಿ. ಅಲ್ಲಿ ಪಾಸ್‌ವರ್ಡ್ ಕೇಳಿದರೆ, ಅಥವಾ ಹೊಸದಾಗಿ ವಿಂಡೋಸ್ ಹಾಕುವಾಗ ಯಾವುದೋ ಸಂಸ್ಥೆಯ ಲಾಗಿನ್ ಪುಟ ತೆರೆದುಕೊಂಡರೆ, ಹಳೆಯ ಮಾಲೀಕರು ಅದನ್ನು ತಮ್ಮ ಪಟ್ಟಿಯಿಂದ ಇನ್ನೂ ಬಿಡಿಸಿಲ್ಲ ಎಂದರ್ಥ. ಮ್ಯಾಕ್ ಆದರೆ ಆ್ಯಕ್ಟಿವೇಶನ್ ಲಾಕ್ (ಹಳೆಯ ಮಾಲೀಕರ ಆ್ಯಪಲ್ ಖಾತೆಗೆ ಕಟ್ಟಿದ ಬೀಗ) ಇದೆಯೇ ನೋಡಿ. ಮಾರುವವರು ‘ಆಮೇಲೆ ತೆಗೆಸಿಕೊಡುತ್ತೇವೆ’ ಎಂದರೆ, ತೆಗೆಸಿದ ಮೇಲೆ ಬರುತ್ತೇವೆ ಎಂದು ಹೇಳಿ ಹೊರಡಿ.