ಮೈಕ್‌ಗೆ ಆಜ್ಞೆ ಕೊಟ್ಟರೆ ಸಾಲದು, ಉತ್ತರವನ್ನೂ ಕೇಳಬೇಕು

ಮಾಟುಂಗದ ಕನ್ನಡ ಸಂಘವೊಂದರ ಕಾರ್ಯಕಾರಿ ಸಭೆ ಎಂದಿಟ್ಟುಕೊಳ್ಳಿ. ಕೆಲವರು ಕೋಣೆಯಲ್ಲಿದ್ದಾರೆ, ಕೆಲವರು ಡೊಂಬಿವಲಿ, ನವಿಮುಂಬಯಿಗಳಿಂದ ಲ್ಯಾಪ್‌ಟಾಪಿನಲ್ಲಿ ಸೇರಿದ್ದಾರೆ. ಮೈಕ್‌ನ ದೀಪ ಕೆಂಪಾಗಿದೆ, ಅಂದರೆ ಮೈಕ್ ಮ್ಯೂಟ್ ಆಗಿ ದನಿ ಹೊರಹೋಗಬಾರದು, ಆದರೆ ಒಳಗಿನ ಮಾತು ಹೊರಗೆ ಕೇಳುತ್ತಲೇ ಇದೆ. ಇಂಥ ಎಡವಟ್ಟಿಗೆ ಮೈಕ್ ಕೆಟ್ಟಿರಬೇಕಿಲ್ಲ. ಮೈಕ್ ಮತ್ತು ಅದನ್ನು ನಿಯಂತ್ರಿಸುವ ತಂತ್ರಾಂಶ ಎರಡು ಬೇರೆ ಸ್ಥಿತಿಗಳನ್ನು ನಂಬಿಕೊಂಡಿರುತ್ತವೆ, ಅಷ್ಟೇ.

ಶೂರ್ ಕಂಪನಿಯ ಎಂಎಕ್ಸ್‌ಎ910 ಚಾವಣಿ ಮೈಕ್ ತೆಗೆದುಕೊಳ್ಳೋಣ. ವಿದ್ಯುತ್ತು, ಧ್ವನಿ, ಆಜ್ಞೆ ಮೂರೂ ಒಂದೇ ನೆಟ್‌ವರ್ಕ್ ಕೇಬಲ್ಲಿನಲ್ಲಿ ಹೋಗುತ್ತವೆ. ನೆಟ್‌ವರ್ಕ್ ಸ್ವಿಚ್ಚಿನಿಂದ ಮೈಕ್‌ವರೆಗೆ ಕೇಬಲ್ 100 ಮೀಟರ್ ಮೀರಬಾರದು. ಆಜ್ಞೆಗಳು ಟಿಸಿಪಿ ಎಂಬ ನೆಟ್‌ವರ್ಕ್ ಸಂಪರ್ಕ ವಿಧಾನದ ಪೋರ್ಟ್ (ಸಂಪರ್ಕದ ಬಾಗಿಲು) 2202ರಲ್ಲಿ, ಕೋನಾವರಣಗಳ < > ನಡುವೆ, ಸರಳ ಅಕ್ಷರಗಳಾಗಿ ಸಾಗುತ್ತವೆ. ಗೆಟ್ ಎಂದರೆ ಸ್ಥಿತಿ ಕೇಳುವುದು, ಸೆಟ್ ಎಂದರೆ ಬದಲಿಸುವುದು, ರೆಪ್ ಎಂದರೆ ಮೈಕ್ ಕೊಡುವ ಉತ್ತರ. ಟ್ಯಾಬ್ಲೆಟ್ಟಿನ ಮ್ಯೂಟ್ ಗುಂಡಿಯ ಬಣ್ಣ ಬದಲಾಗಬೇಕಾದದ್ದು ಸೆಟ್ ಕಳಿಸಿದಾಗಲ್ಲ, ರೆಪ್ ಬಂದಾಗ. ಇದ್ದ ಸ್ಥಿತಿಯನ್ನು ತಿರುವುಮುರುವು ಮಾಡುವ ಟಾಗಲ್ ಆಜ್ಞೆಯನ್ನು ದೂರವಿಡಿ: ಮೇಜಿನ ಗುಂಡಿ ಮತ್ತು ಟ್ಯಾಬ್ಲೆಟ್ ಎರಡನ್ನೂ ಒಟ್ಟಿಗೆ ಒತ್ತಿದರೆ ಮೈಕ್ ಮೊದಲಿದ್ದಲ್ಲಿಗೇ ಮರಳುತ್ತದೆ.

ಗೇನ್, ಅಂದರೆ ದನಿಯನ್ನು ಏರಿಸಿ ಇಳಿಸುವ ಸಂಖ್ಯೆ, 0ರಿಂದ 1400ರವರೆಗೆ; ಒಂದೊಂದು ಅಂಕಿಯೂ 0.1 ಡೆಸಿಬೆಲ್, 1100 ಎಂದರೆ ಸೊನ್ನೆ ಡೆಸಿಬೆಲ್. 1040ಕ್ಕೆ ಇಳಿಸಿದರೆ ಸಿಗ್ನಲ್ಲಿನ ಮಟ್ಟ ಹತ್ತಿರಹತ್ತಿರ ಅರ್ಧವಾಗುತ್ತದೆ. ಲೋಕಲ್ ಟ್ರೇನಿನ ಸದ್ದಿಗೆ ಇದು ಮದ್ದಲ್ಲ, ಮಾತೂ ಅಷ್ಟೇ ಕುಗ್ಗುತ್ತದೆ. ಹಳಿಯ ಕಡೆಯ ಕಿಟಕಿಗೆ ಮುಖಮಾಡಿದ ಲೋಬನ್ನೇ (ಮೈಕ್ ದನಿ ಹಿಡಿಯುವ ದಿಕ್ಕನ್ನೇ) ತೆಗೆಯುವುದು ಮೇಲು.

ಅನೇಕ ಕೋಣೆಗಳನ್ನು ಹಾಳುಮಾಡುವ ತಪ್ಪು, ಮ್ಯೂಟ್ ಮಾಡುವ ಜಾಗದ್ದು. ಪ್ರತಿಧ್ವನಿ ಅಳಿಸುವ ಡಿಎಸ್‌ಪಿ (ಧ್ವನಿ ಸಂಸ್ಕರಿಸುವ ಸಾಧನ), ಸ್ಪೀಕರಿನಿಂದ ಹೊರಟ ದನಿ ಗೋಡೆ, ಮೇಜುಗಳಿಗೆ ತಾಗಿ ಮೈಕ್‌ಗೆ ಹೇಗೆ ಮರಳುತ್ತದೆ ಎಂದು ಸತತವಾಗಿ ಕಲಿಯುತ್ತಿರುತ್ತದೆ. ಮೈಕ್‌ನಲ್ಲೇ ಮ್ಯೂಟ್ ಮಾಡಿದರೆ ಅದಕ್ಕೆ ಬರುವುದು ಬರೀ ಮೌನ. ಕಲಿಕೆ ಕೆಡುತ್ತದೆ, ಮ್ಯೂಟ್ ತೆಗೆದ ಮೊದಲ ಕೆಲವು ಕ್ಷಣ ಡೊಂಬಿವಲಿಯವರಿಗೆ ತಮ್ಮದೇ ದನಿ ವಾಪಸು ಕೇಳುತ್ತದೆ. ಆದ್ದರಿಂದ ಗುಂಡಿಯ ಸುದ್ದಿ ಡಿಎಸ್‌ಪಿಗೆ ಹೋಗಲಿ, ಪ್ರತಿಧ್ವನಿ ಅಳಿಸಿದ ನಂತರದ ಹಂತದಲ್ಲಿ ಮ್ಯೂಟ್ ಆಗಲಿ, ಮೈಕ್‌ಗೆ ದೀಪದ ಆಜ್ಞೆಯಷ್ಟೇ ಹೋಗಲಿ.

ಮಳೆಗಾಲದಲ್ಲಿ ಕರೆಂಟ್ ಒಮ್ಮೆ ಹೋಗಿಬಂದರೆ ಇನ್ನೊಂದು ತೊಂದರೆ. ಮೈಕ್ ಹೇಳದೆಕೇಳದೆ ಆರಿಹೋದದ್ದರಿಂದ ಕಂಪ್ಯೂಟರಿನ ಲೆಕ್ಕದಲ್ಲಿ ಸಂಪರ್ಕ ಇನ್ನೂ ಜೀವಂತ. ಅದಕ್ಕೆ ಸುಮಾರು 30 ಸೆಕೆಂಡಿಗೊಮ್ಮೆ ಗೆಟ್ ಕಳಿಸಿ; 3 ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಸಂಪರ್ಕ ಮುಚ್ಚಿ ಮತ್ತೆ ತೆರೆಯಿರಿ. ತೆರೆದೊಡನೆ ಮೊದಲು ಎಲ್ಲ ಸ್ಥಿತಿಯನ್ನೂ ಕೇಳಿಕೊಳ್ಳಿ, ಹಳೆಯ ನೆನಪನ್ನು ನಂಬಬೇಡಿ. ಮೈಕ್‌ಗೆ ಸ್ಥಿರ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ಗುರುತಿನ ಸಂಖ್ಯೆ) ಇಲ್ಲದಿದ್ದರೆ, ಆ ವಿಳಾಸ ಬದಲಾದಾಗ ಈ ಎಚ್ಚರವೂ ವ್ಯರ್ಥ. ಉತ್ತರಗಳು ಕೆಲವೊಮ್ಮೆ ಎರಡು ಅಂಟಿಕೊಂಡು, ಕೆಲವೊಮ್ಮೆ ಒಂದೇ ಉತ್ತರ ತುಂಡುತುಂಡಾಗಿ ಬರುವುದುಂಟು. ಟಿಸಿಪಿ ಸಾಗಿಸುವುದು ಅಕ್ಷರಗಳ ಹರಿವನ್ನು, ಸಂದೇಶಗಳನ್ನಲ್ಲ. ಉತ್ತರದ ಕೊನೆಯ ಕೋನಾವರಣ (>) ಸಿಗುವವರೆಗೆ ಕೂಡಿಟ್ಟುಕೊಂಡು ಆಮೇಲೆ ಓದಬೇಕು.

ಸರಳ ಅಕ್ಷರಗಳ ಈ ಮಾತುಕತೆಗೆ ಗೂಢಲಿಪಿಯ ರಕ್ಷಣೆ ಇಲ್ಲ. ಅತಿಥಿಗಳ ವೈಫೈ ಮತ್ತು ಮೈಕ್ ಒಂದೇ ನೆಟ್‌ವರ್ಕಿನಲ್ಲಿದ್ದರೆ, ಮುಚ್ಚಿದ ಬಾಗಿಲಿನ ಸಭೆಯ ಮೈಕನ್ನು ಹೊರಗಿನಿಂದಲೇ ತೆರೆಯಬಹುದು. ಮೈಕ್, ಡಿಎಸ್‌ಪಿ, ನಿಯಂತ್ರಣದ ಕಂಪ್ಯೂಟರ್ ಮೂರಕ್ಕೂ ಪ್ರತ್ಯೇಕ ವಿಲ್ಯಾನ್ (ಅದೇ ನೆಟ್‌ವರ್ಕಿನೊಳಗೆ ಬೇರ್ಪಡಿಸಿದ ಭಾಗ) ಕೊಡಿ.