ಎಕೋದಲ್ಲಿ ಇಎಫ್ ಕೈಯಿಂದ ಕೈಗೆ ಏಕೆ ಬದಲಾಗುತ್ತದೆ: ತುದಿ ತಪ್ಪಿದ ಚಿತ್ರದ ಕುರಿತು ಟಿಪ್ಪಣಿ

ದಾವಣಗೆರೆಯಲ್ಲಿ ನನ್ನ ಹಾಗೆ ಕಾರ್ಡಿಯಾಕ್ ಕೇರ್ ಟೆಕ್ನಾಲಜಿ ಓದುತ್ತಾ ಎಕೋ (ಧ್ವನಿ ತರಂಗದಿಂದ ಹೃದಯದ ಚಿತ್ರ ತೆಗೆಯುವ ಪರೀಕ್ಷೆ) ರೂಮಿನಲ್ಲಿ ಪೋಸ್ಟಿಂಗ್ ಮಾಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವ್ಯೂಗಳ ಹೆಸರು, ಮಷೀನಿನ ಗುಂಡಿಗಳು ನಿಮಗೆ ಗೊತ್ತಿರುತ್ತವೆ. ಆ ಕಡೆಗೆ ಹೋಗುವುದಿಲ್ಲ.

ಜಗಳೂರು ಕಡೆಯ ಒಬ್ಬ ತಾಯಿ ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿದ್ದರು. ಆ ಔಷಧಿಗಳಲ್ಲಿ ಕೆಲವು ಹೃದಯದ ಸ್ನಾಯುವಿಗೆ ಪೆಟ್ಟು ಕೊಡುತ್ತವೆ, ಅದಕ್ಕೇ ನಡುನಡುವೆ ಎಕೋ ಮಾಡಿಸುತ್ತಾರೆ. ಮೊದಲ ಸಲ ನಾನು ಅಳೆದಾಗ ಇಎಫ್, ಅಂದರೆ ಹೃದಯದ ಎಡ ಕೆಳಕೋಣೆ ಪ್ರತಿ ಬಡಿತಕ್ಕೆ ಹೊರಹಾಕುವ ರಕ್ತದ ಶೇಕಡಾ ಪಾಲು, 62 ಬಂತು. ಮುಂದಿನ ಸಲವೂ ನಾನೇ ಅಳೆದೆ, 51 ಬಂತು. 2014ರ ಅಮೆರಿಕ ಮತ್ತು ಯುರೋಪಿನ ಎಕೋ ಸಂಘಗಳ ಒಮ್ಮತದ ಪ್ರಕಾರ, ಇಎಫ್ 10 ಅಂಕಕ್ಕಿಂತ ಹೆಚ್ಚು ಕುಸಿದು 53ಕ್ಕಿಂತ ಕೆಳಗಿಳಿದರೆ ಔಷಧಿಯಿಂದ ಹೃದಯಕ್ಕೆ ತೊಂದರೆಯಾಗಿದೆ ಎಂದು ಲೆಕ್ಕ. ನನ್ನ ಎರಡು ಅಂಕಿಗಳು ಆ ಮಿತಿಯನ್ನು ದಾಟಿದ್ದವು. ಕೀಮೋ ನಿಲ್ಲಿಸಬೇಕೇ ಎಂಬ ಮಾತು ಶುರುವಾಯಿತು.

ನಮ್ಮ ಹಿರಿಯ ಟೆಕ್ನಿಷಿಯನ್ ಅಕ್ಕ ಎರಡೂ ದಿನದ ಕ್ಲಿಪ್ ತೆರೆದು ನೋಡಿ ಹೇಳಿದ್ದು ಇಷ್ಟೇ: "ಗೆರೆ ಚೆನ್ನಾಗಿ ಎಳ್ದೀಯ. ಮೊದಲನೇ ದಿನದ ಚಿತ್ರನ ಸರಿ ಇಲ್ಲ. ತುದಿ ಎಲ್ಲೈತಿ ಇದ್ರಾಗ?"

ತುದಿ ಎಂದರೆ ಹೃದಯದ ಕೆಳಗಿನ ಚೂಪು ಕೊನೆ. ಅಲ್ಲಿಯವರೆಗೂ ಅಳತೆ ಹೆಚ್ಚುಕಡಿಮೆಯಾಗುವುದು ಚಿತ್ರದಲ್ಲಿ ಕೋಣೆಯ ಒಳ ಅಂಚಿನ ಸುತ್ತ ಗೆರೆ ಎಳೆಯುವ ಕೈಯಿಂದ ಎಂದೇ ನಾನು ನಂಬಿದ್ದೆ. ತಪ್ಪು ಅದಕ್ಕೂ ಮೊದಲೇ, ಎದೆಯ ಮೇಲೆ ಪ್ರೋಬ್ (ಚಿತ್ರ ತೆಗೆಯುವ ಹಿಡಿಕೆ) ಇಟ್ಟ ಜಾಗದಲ್ಲೇ ಆಗಿತ್ತು.

ಇಎಫ್ ತೆಗೆಯುವ ಸಿಂಪ್ಸನ್ ಲೆಕ್ಕ, ಬೇಗ

ಎಡ ಹೃತ್ಕುಕ್ಷಿಯನ್ನು, ನಾವು ಎಲ್‌ವಿ ಎನ್ನುವುದನ್ನು, ಮಷೀನು ತುದಿಯಿಂದ ಬುಡದವರೆಗೆ 20 ಬಿಲ್ಲೆಗಳಾಗಿ ಕೊಯ್ಯುತ್ತದೆ. ಪ್ರತಿ ಬಿಲ್ಲೆಯ ಒಂದು ಅಗಲ ಫೋರ್ ಚೇಂಬರ್ ವ್ಯೂನಿಂದ (ಹೃದಯದ ನಾಲ್ಕೂ ಕೋಣೆ ಕಾಣುವ ನೋಟ), ಇನ್ನೊಂದು ಟೂ ಚೇಂಬರಿನಿಂದ (ಎಡಗಡೆಯ ಎರಡೇ ಕೋಣೆ ಕಾಣುವ ನೋಟ). ದಪ್ಪ ಎಂದರೆ ಎಲ್‌ವಿಯ ಉದ್ದದ 20ನೇ ಒಂದು ಭಾಗ. ಎಲ್ಲ ಕೂಡಿದರೆ ಗಾತ್ರ. ತುಂಬಿದಾಗಿನ ಗಾತ್ರದಲ್ಲಿ ಎಷ್ಟು ಪಾಲು ಹೊರಹೋಯಿತು ಎಂಬುದೇ ಇಎಫ್. 2015ರ ಮಾರ್ಗಸೂಚಿಯಲ್ಲಿ ಗಂಡಸರಿಗೆ 52ರಿಂದ 72, ಹೆಂಗಸರಿಗೆ 54ರಿಂದ 74 ಸಹಜ. ಕವಾಟವನ್ನು ಹಿಡಿದಿರುವ ಪ್ಯಾಪಿಲರಿ ಸ್ನಾಯುಗಳು, ಒಳಗಿನ ಎಳೆಎಳೆಯಾದ ಟ್ರಾಬೆಕ್ಯುಲೆ ಎರಡನ್ನೂ ಕೋಣೆಯ ಒಳಗೇ ಸೇರಿಸಿಕೊಂಡು ಗೆರೆ ಎಳೆಯಬೇಕು.

ನನ್ನನ್ನು ವಾರಗಟ್ಟಲೆ ಕಾಡಿದ ಪ್ರಶ್ನೆ

ಪ್ರೋಬ್ ಇರಬೇಕಾದ್ದಕ್ಕಿಂತ ಒಂದು ಪಕ್ಕೆಲುಬಿನ ಸಂದು ಮೇಲಿದ್ದರೆ ಅದರ ಕಿರಣ ಎಲ್‌ವಿಯ ನಿಜವಾದ ತುದಿಯ ಮೂಲಕ ಹಾಯುವುದಿಲ್ಲ. ಗೋಡೆಯನ್ನು ಓರೆಯಾಗಿ ಕೊಯ್ದುಕೊಂಡು ಹೋಗುತ್ತದೆ. ಇದೇ ಫೋರ್‌ಶಾರ್ಟನಿಂಗ್. ಚನ್ನಗಿರಿ ಸೀಮೆಯವರಿಗೆ ಇದು ಸುಲಭ: ಹಸಿ ಅಡಿಕೆಕಾಯಿಯನ್ನು ತೊಟ್ಟಿನಿಂದ ಮೂತಿಯವರೆಗೆ ಸರಿಯಾಗಿ ಸೀಳಿದರೆ ಉದ್ದನೆಯ, ಚೂಪು ತುದಿಯ ಹೋಳು. ಕತ್ತಿ ಮೂತಿಯಿಂದ ಪಕ್ಕಕ್ಕೆ ಜಾರಿದರೆ ಗಿಡ್ಡ, ದುಂಡು ತುದಿಯ ಹೋಳು. ಕಾಯಿ ಅದೇ.

ಉದ್ದ ಕಡಿಮೆಯಾದರೆ ಗಾತ್ರ ಕಡಿಮೆಯಾಗುತ್ತದೆ, ಅಷ್ಟು ಅರ್ಥವಾಯಿತು. ನನಗೆ ತಿಳಿಯದೆ ಉಳಿದದ್ದು ಮುಂದಿನದು. ಇಎಫ್ ಒಂದು ಅನುಪಾತ. ಹಿಗ್ಗಿದಾಗಲೂ ಕುಗ್ಗಿದಾಗಲೂ ಒಂದೇ ಗಿಡ್ಡ ಚಿತ್ರವಾದರೆ ಮೇಲೆ ಕೆಳಗೆ ಒಂದೇ ಪಾಲು ಹೊಡೆದುಹೋಗಿ ಇಎಫ್ ಸರಿಯಾಗಿಯೇ ಬರಬೇಕಲ್ಲ?

ಬರುವುದಿಲ್ಲ. ಕಾರಣ ಹೃದಯ ಕುಗ್ಗುವ ರೀತಿಯಲ್ಲಿದೆ. ಎಲ್‌ವಿಯ ತುದಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಮೈಟ್ರಲ್ ಕವಾಟವಿರುವ ಬುಡವೇ ತುದಿಯ ಕಡೆಗೆ ಇಳಿಯುತ್ತದೆ. ನಿಜವಾದ ತುದಿ ಕಂಡರೆ, ಉದ್ದ ಕಡಿಮೆಯಾಗುವುದು ಬುಡ ಇಳಿದಷ್ಟೇ. ತುದಿ ತಪ್ಪಿದ ಚಿತ್ರದಲ್ಲಿ ನಾವು ತುದಿ ಎಂದುಕೊಂಡಿರುವುದು ಪಕ್ಕದ ಗೋಡೆ. ಗೋಡೆ ಸುಮ್ಮನಿರುವುದಿಲ್ಲ, ದಪ್ಪಗಾಗುತ್ತಾ ಒಳಗೆ ನುಗ್ಗುತ್ತದೆ. ಅಲ್ಲಿಗೆ ಉದ್ದ ಎರಡೂ ಕಡೆಯಿಂದ ಕಡಿಮೆಯಾಗುತ್ತದೆ: ಬುಡದಿಂದ ನಿಜವಾಗಿ, ಮೇಲಿನಿಂದ ಸುಳ್ಳಾಗಿ.

ನನಗೆ ಅಂಕಿ ಹಾಕಿದ ಮೇಲೆಯೇ ತಲೆಗೆ ಇಳಿದದ್ದು. ಇವು ಲೆಕ್ಕಕ್ಕೆಂದು ಇಟ್ಟುಕೊಂಡ ಅಂಕಿಗಳು. ಸರಿಯಾದ ಚಿತ್ರದಲ್ಲಿ ಉದ್ದ 9 ಸೆಂ.ಮೀ.ಯಿಂದ 7.5ಕ್ಕೆ ಇಳಿಯಿತು ಎನ್ನಿ, 7.5ನ್ನು 9ರಿಂದ ಭಾಗಿಸಿದರೆ 0.83. ಬಿಲ್ಲೆಗಳ ಹರವು 0.6 ಪಾಲಿಗೆ ಕುಗ್ಗಿತು ಎನ್ನಿ. ಉಳಿದ ರಕ್ತ 0.6 ಗುಣಿಸು 0.83, ಅಂದರೆ 0.5, ಇಎಫ್ 50. ಈಗ ಗಿಡ್ಡ ಚಿತ್ರ: ಉದ್ದ 8ರಿಂದ 6.2ಕ್ಕೆ. ಪಾಲು 0.775. ಹರವಿನ ಪಾಲನ್ನು ಮುಟ್ಟದೆ ಅದೇ 0.6 ಇಟ್ಟರೂ ಇಎಫ್ 53.5. ಕೈ ಒಂದಿಷ್ಟೂ ತಪ್ಪದೆ ಮೂರೂವರೆ ಅಂಕ ಏರಿತು. ಹಿಂದೆ ಹಾರ್ಟ್ ಅಟ್ಯಾಕ್ ಆಗಿ ತುದಿಯೇ ಸತ್ತಿರುವ ಹೃದಯವಾದರೆ ಇನ್ನೂ ಅಪಾಯ. ಅಲುಗದ ಭಾಗವೇ ಚಿತ್ರದಿಂದ ಹೊರಗುಳಿಯುತ್ತದೆ, ಕೆಲಸ ಮಾಡುವ ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಆದ್ದರಿಂದ ಗಿಡ್ಡ ಚಿತ್ರದ ಗುರುತು: ತುದಿ ದುಂಡಗೆ, ದಪ್ಪಗೆ ಇದ್ದು, ಬಡಿತ ಬಡಿತಕ್ಕೂ ಚುರುಕಾಗಿ ಒಳಕ್ಕೆ ಹಾರುತ್ತದೆ. ತುದಿ ಹಾಗೆ ಕುಣಿಯುತ್ತಿದ್ದರೆ ಅದು ತುದಿಯಲ್ಲ. ಇನ್ನೊಂದು ಗುರುತು: ಫೋರ್ ಚೇಂಬರ್ ಮತ್ತು ಟೂ ಚೇಂಬರ್ ಉದ್ದಗಳನ್ನು ಹೋಲಿಸಿ. ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಗಿಡ್ಡದ್ದನ್ನು ಮತ್ತೆ ತೆಗೆಯಬೇಕು. ಆ ತಾಯಿಯ ಮೊದಲ ದಿನದ ಕ್ಲಿಪ್‌ನಲ್ಲಿ ಉದ್ದ 7.4, ಎರಡನೇ ದಿನ 8.3. ನಾನು ಎರಡು ಬೇರೆ ಹೋಳುಗಳನ್ನು ಹೋಲಿಸಿದ್ದೆ. ಹಳೆಯ ಕ್ಲಿಪ್‌ನ ಮೇಲೆ ಎಷ್ಟು ಸಲ ಗೆರೆ ಎಳೆದರೂ ಅದು ಸರಿಯಾಗದು, ತುದಿಯೇ ಅದರಲ್ಲಿಲ್ಲ.

ಅದೇ ಒಮ್ಮತದ ಸಲಹೆಯಂತೆ ಮೂರು ವಾರ ಬಿಟ್ಟು ಮತ್ತೆ ಎಕೋ ಮಾಡಿದೆವು. ಅಕ್ಕ ಮಾಡಿದರು, ಪಕ್ಕದಲ್ಲಿ ನಾನು. 55 ಬಂತು. ಡಾಕ್ಟರು ಕೀಮೋ ನಿಲ್ಲಿಸಲಿಲ್ಲ, ಮುಂದಿನ ಎಕೋ ಬೇಗ ಮಾಡಿಸಲು ಹೇಳಿದರು.

ತುದಿ ಹಿಡಿಯುವುದು ಹೇಗೆ

ಅಕ್ಕನ ಕೈಯಿಂದ ಕಲಿತದ್ದು. ಜೆಲ್ಲಿ ಹಚ್ಚುವ ಮೊದಲೇ ಅಂಗೈ ಇಟ್ಟು ಬಡಿತ ಹೊರಕ್ಕೆ ತಾಕುವ ಜಾಗ ಹುಡುಕುತ್ತಾರೆ, ಪ್ರೋಬ್ ಅಲ್ಲೇ ಇಡುತ್ತಾರೆ. ಚಿತ್ರ ಬಂದ ಮೇಲೂ ಒಂದು ಸಂದು ಕೆಳಗೆ, ಇನ್ನಷ್ಟು ಪಕ್ಕಕ್ಕೆ ಸರಿಸಿ ನೋಡುತ್ತಾರೆ. ಎಲ್‌ವಿ ಉದ್ದವಾದರೆ ಮೊದಲಿನದು ಗಿಡ್ಡವಿತ್ತು ಎಂದರ್ಥ. ರೋಗಿ ಪೂರ್ತಿ ಎಡಮಗ್ಗುಲಾಗಬೇಕು. "ಯಜಮಾನ್ರೇ, ಇನ್ನೊಂಚೂರು ಆ ಕಡೆ ತಿರುಗ್ರಿ, ಎಡಗೈ ತಲೆ ಕೆಳಗ ಇಡ್ರಿ, ಉಸಿರು ಬಿಟ್ಟು ಹಂಗೇ ಹಿಡೀರಿ." ಈ ಮಾತಿಗೆ ಹೋಗುವ ಅರ್ಧ ನಿಮಿಷವನ್ನು ಗದ್ದಲದ ದಿನವೂ ಬಿಡಬಾರದು. ಎಕೋಗೆಂದೇ ಬರುವ ಮಂಚದ ಹಾಸಿಗೆಯಲ್ಲಿ ಎದೆಯ ಕೆಳಗೆ ಕತ್ತರಿಸಿದ ಜಾಗವಿರುತ್ತದೆ, ಪ್ರೋಬ್ ಕೆಳಗಿನಿಂದ ಸಲೀಸಾಗಿ ಹೋಗುತ್ತದೆ. ಸಾದಾ ಮಂಚದಲ್ಲಿ ಹಾಸಿಗೆ ಕೈಗೆ ಅಡ್ಡ ಬಂದು ಪ್ರೋಬ್ ತಾನಾಗಿಯೇ ಮೇಲೆ ಸರಿಯುತ್ತದೆ. ಬೆನ್ನ ಹಿಂದೆ ಮಡಚಿದ ಕಂಬಳಿ ಒತ್ತುಕೊಟ್ಟು, ರೋಗಿಯನ್ನು ಮಂಚದ ಅಂಚಿಗೆ ತಂದುಕೊಳ್ಳಿ.

ಉಳಿದವು

ಅಳತೆಗೆ ಆರಿಸುವ ಫ್ರೇಮು: ಮೈಟ್ರಲ್ ಕವಾಟ ಮುಚ್ಚಿದ ಮರು ಫ್ರೇಮು ಹಿಗ್ಗಿದ್ದು, ಅಯೋರ್ಟಿಕ್ ಕವಾಟ ಮುಚ್ಚಿದ ಮರು ಫ್ರೇಮು ಕುಗ್ಗಿದ್ದು. ಏಟ್ರಿಯಲ್ ಫಿಬ್ರಿಲೇಷನ್ (ತಾಳ ತಪ್ಪಿದ ಬಡಿತ) ಇದ್ದರೆ ಕನಿಷ್ಠ 5 ಬಡಿತಗಳ ಸರಾಸರಿ.

ಎಲ್‌ವಿಓಟಿ ವ್ಯಾಸ: ಇದು ಅಯೋರ್ಟಿಕ್ ಕವಾಟದ ಕೆಳಗೆ ರಕ್ತ ಹೊರಹೋಗುವ ದಾರಿಯ ಅಗಲ. ಝೂಮ್ ಮಾಡಿಯೇ ಅಳೆಯಿರಿ, ಏಕೆಂದರೆ ಆ ಕವಾಟದ ದಾರಿಯ ಲೆಕ್ಕದಲ್ಲಿ ಅದು ವರ್ಗವಾಗುತ್ತದೆ. ಎಲ್‌ವಿಓಟಿ ವಿಟಿಐ (ಒಂದು ಬಡಿತದಲ್ಲಿ ರಕ್ತ ಸಾಗುವ ದೂರ, ಸೆಂ.ಮೀ.ಗಳಲ್ಲಿ) 20, ಕವಾಟದ ವಿಟಿಐ 60 ಇರುವಾಗ ವ್ಯಾಸ 2.0 ಸೆಂ.ಮೀ. ಎಂದರೆ ಕವಾಟದ ದಾರಿ 1.05 ಚದರ ಸೆಂ.ಮೀ.; 1.8 ಎಂದರೆ 0.85. ತೀವ್ರ ಕಿರಿದಾಗುವಿಕೆಯ ಗೆರೆ 1.0. ಎರಡು ಮಿಲಿಮೀಟರಿಗೆ ರೋಗದ ಹೆಸರೇ ಬದಲು! ಮತ್ತೆ ಬಂದ ರೋಗಿಗಳಲ್ಲಿ ಹಳೆಯ ವ್ಯಾಸವನ್ನು ಪಕ್ಕದಲ್ಲಿಟ್ಟು ನೋಡಿ. ದೊಡ್ಡವರಲ್ಲಿ ಕೆಲವು ತಿಂಗಳಲ್ಲಿ ಅದು ಬದಲಾಗುವಂಥದ್ದಲ್ಲ.

ಸ್ಟ್ರೇನ್ (ಹೃದಯದ ಸ್ನಾಯು ಎಷ್ಟು ಪಾಲು ಕುಗ್ಗುತ್ತದೆ ಎಂಬುದು) ಅಳೆಯುವುದಾದರೆ ಪ್ರತಿ ಸಲವೂ ಅದೇ ಕಂಪನಿಯ ಮಷೀನು, ಅದೇ ಸಾಫ್ಟ್‌ವೇರು.

ಇಬ್ಬರ ಅಳತೆ ಹೊಂದುತ್ತದೆಯೇ ಎಂದು ನೋಡುವಾಗ

ಕೋರಿಲೇಷನ್ (ಇಬ್ಬರ ಅಂಕಿಗಳು ಎಷ್ಟು ಜೊತೆಜೊತೆಗೆ ಏರಿಳಿಯುತ್ತವೆ ಎಂಬುದು, ಪೂರ್ತಿಯಾದರೆ 1) ತೆಗೆದು 0.95 ಬಂತೆಂದು ಸಮಾಧಾನಪಡಬೇಡಿ. ನಾನು ಎಲ್ಲರಿಗೂ ಅಕ್ಕನಿಗಿಂತ ಸರಿಯಾಗಿ 8 ಹೆಚ್ಚು ಬರೆದರೂ ಕೋರಿಲೇಷನ್ 1 ಬರುತ್ತದೆ. 1986ರಲ್ಲಿ ಬ್ಲಾಂಡ್ ಮತ್ತು ಆಲ್ಟ್‌ಮನ್ ತೋರಿಸಿದ ದಾರಿ ಹಿಡಿಯಿರಿ: ಪ್ರತಿ ರೋಗಿಗೂ ಇಬ್ಬರ ಅಂಕಿಗಳ ವ್ಯತ್ಯಾಸ ಬರೆದು, ಅದರ ಸರಾಸರಿ, ಅದರ ಆಚೆ ಈಚೆ 1.96 ಸ್ಟ್ಯಾಂಡರ್ಡ್ ಡೀವಿಯೇಷನ್ (ವ್ಯತ್ಯಾಸಗಳು ಎಷ್ಟು ಚದುರಿವೆ ಎಂಬ ಅಳತೆ) ತೆಗೆಯಿರಿ.

ಇದನ್ನು ಎರಡು ಥರ ಮಾಡಬೇಕು. ಒಂದು, ಒಂದೇ ಕ್ಲಿಪ್ ಮೇಲೆ ಇಬ್ಬರೂ ಗೆರೆ ಎಳೆಯುವುದು. ಇನ್ನೊಂದು, ಒಂದೇ ರೋಗಿಗೆ ಇಬ್ಬರೂ ಬೇರೆ ಬೇರೆ ಪ್ರೋಬ್ ಇಟ್ಟು ಅಳೆಯುವುದು. ಮೊದಲನೆಯದು ಗೆರೆಯ ಪರೀಕ್ಷೆ ಮಾತ್ರ. ನಾನು ಎಡವಿದ್ದು ಎರಡನೆಯದರಲ್ಲಿ ಮಾತ್ರ ಗೊತ್ತಾಗುತ್ತದೆ. ಸೋಮವಾರದಿಂದ ಮಧ್ಯಾಹ್ನ ರೋಗಿಗಳು ಕಡಿಮೆಯಾದ ಮೇಲೆ, ಒಪ್ಪಿದವರಿಗೆ ಮಾತ್ರ, ನಾನು ಮತ್ತು ಅಕ್ಕ ಎರಡನೇ ಥರದ್ದನ್ನು ಶುರುಮಾಡುತ್ತಿದ್ದೇವೆ. ಒಬ್ಬರ ಅಂಕಿ ಇನ್ನೊಬ್ಬರಿಗೆ ಕಾಣದಂತೆ ಬೇರೆ ಬೇರೆ ಹಾಳೆಯಲ್ಲಿ ಬರೆಯುತ್ತೇವೆ, ಪ್ರತಿ ಇಎಫ್ ಪಕ್ಕದಲ್ಲಿ ಎರಡೂ ವ್ಯೂಗಳ ಉದ್ದ.