ವಿರಾಜಪೇಟೆಯಲ್ಲಿ ಇತಿಹಾಸದ ಭಾಷಣ ಯಾಕೆ ಕಷ್ಟ?

ಕೊಡಗಿನ ಸಣ್ಣ ಕಾಲೇಜಿನಲ್ಲಿ ಓದಿದವರಿಗೆ ಈ ದೃಶ್ಯ ಗೊತ್ತಿರುತ್ತದೆ. ಹೊರಗೆ ಜಡಿಮಳೆ. ಸಭಾಂಗಣದ ಬಾಗಿಲಲ್ಲಿ ಒದ್ದೆ ಕೊಡೆಗಳ ರಾಶಿ. ವೇದಿಕೆ ಮೇಲೆ ಒಬ್ಬ 'ಸಂಪನ್ಮೂಲ ವ್ಯಕ್ತಿ'. ಪ್ರಾರ್ಥನೆ, ಸ್ವಾಗತ, ಶಾಲು ಮುಗಿಯುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ. ಮೂರೂವರೆಗೆ ಎಲ್ಲ ಮುಗಿಯಲೇಬೇಕು. ಊರ ಕಡೆಯ ಬಸ್ಸು ಯಾರಿಗೂ ಕಾಯುವುದಿಲ್ಲ.

ಇವರನ್ನು ಅತಿಥಿ ಉಪನ್ಯಾಸಕರು ಅಂದುಕೊಳ್ಳಬೇಡಿ. ಅವರು ಬೇರೆ. ಅವರು ವರ್ಷವಿಡೀ ಪಾಠ ಮಾಡುವವರು, ಸಂಬಳ ಮಾತ್ರ ಅತಿಥಿಯ ಹಾಗೆ ಅಪರೂಪಕ್ಕೆ ಬರುತ್ತದೆ.

ಒಂದು ದಿನಕ್ಕೆ ಬಂದು ಹೋಗುವ ಭಾಷಣಕಾರರು ಸಾಮಾನ್ಯವಾಗಿ ವ್ಯಕ್ತಿತ್ವ ವಿಕಸನ, ಬ್ಯಾಂಕ್ ಪರೀಕ್ಷೆ, ಮಾದಕ ವಸ್ತುಗಳ ಬಗ್ಗೆ ಮಾತಾಡುತ್ತಾರೆ. ಸೈನ್ಯದವರು ಬಂದರಂತೂ ಕಾರ್ಯಪ್ಪ, ತಿಮ್ಮಯ್ಯನವರ ನೆನಪು ಇದ್ದೇ ಇರುತ್ತದೆ. ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ಗೆ ತೋರಿಸುವ ಫೈಲಿಗೆ ನಾಲ್ಕು ಫೋಟೊ ಸಿಗುತ್ತವೆ. ಆದರೆ ಊರಿನ ಇತಿಹಾಸ ಹೇಳಲು ಯಾರನ್ನಾದರೂ ಕರೆಯೋಣ ಅಂದರೆ ಸಿಬ್ಬಂದಿ ಕೋಣೆಯಲ್ಲಿ ಒಂದು ಕ್ಷಣ ಮೌನ. 'ಕರೆಯೋಣ, ಆದ್ರೆ ಆ ವಿಷಯ ಬೇಡ ಅಂತ ಮೊದಲೇ ಹೇಳಿಬಿಡಿ' ಅಂತ ಯಾರಾದರೂ ಹೇಳುತ್ತಾರೆ. ಆ ವಿಷಯ ಯಾವುದು ಅಂತ ಯಾರೂ ಕೇಳುವುದಿಲ್ಲ.

ಟಿಪ್ಪು ಸುಲ್ತಾನ್. ವಿರಾಜಪೇಟೆಯಂಥ ಊರಿನ ಕ್ಯಾಥೊಲಿಕ್ ಕಾಲೇಜಿನಲ್ಲಿ ಆ ಹೆಸರು ಬಿಟ್ಟು ಇತಿಹಾಸ ಹೇಳಲು ಹೊರಟರೆ ಆ ಅಂಗಳ ಅಲ್ಲಿಗೆ ಹೇಗೆ ಬಂತು ಅನ್ನುವುದನ್ನೇ ಬಿಡಬೇಕಾಗುತ್ತದೆ.

ಪಟ್ಟಣದಲ್ಲಿ ಗಾಥಿಕ್ ಶೈಲಿಯ ಸಂತ ಅನ್ನಮ್ಮ ಚರ್ಚ್ ಇದೆ. ಅದೇ ಹೆಸರಿನ ಶಾಲೆ, ಕಾಲೇಜುಗಳೂ ಇವೆ. ಚರ್ಚಿನ ಶುರುವಾತು 1792ರದ್ದು. ಊರಿನದ್ದೂ ಅದೇ ವರ್ಷ. ಕೊಡಗನ್ನು ಆಳಿದ ಹಾಲೇರಿ ಮನೆತನದ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ಪೇಟೆ ವೀರರಾಜೇಂದ್ರಪೇಟೆಯಾಯಿತು, ಜನರ ಬಾಯಲ್ಲಿ ಸವೆದು ವಿರಾಜಪೇಟೆಯಾಯಿತು. ಮೈಸೂರಿನ ಮೇಲೆ ದಂಡೆತ್ತಿ ಹೊರಟ ಬ್ರಿಟಿಷ್ ಸೇನಾಪತಿ ಅಬರ್‌ಕ್ರೋಂಬಿ ಮಲಬಾರಿನ ಕಡೆಯಿಂದ ಘಟ್ಟ ಹತ್ತಿ ಬಂದಾಗ ರಾಜ ಅವನನ್ನು ಭೇಟಿಯಾಗಿದ್ದು 1791ರಲ್ಲಿ. ಆ ಭೇಟಿಯ ನೆನಪಿಗೆ ಈ ಪೇಟೆ.

ಇನ್ನು ಚರ್ಚಿನ ಜನ ಎಲ್ಲಿಂದ ಬಂದರು? ಅದಕ್ಕೆ ಎಂಟು ವರ್ಷ ಹಿಂದೆ ಹೋಗಬೇಕು. 1784ರ ಫೆಬ್ರವರಿ, ವಿಭೂತಿ ಬುಧವಾರದ ಹೊತ್ತು. ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಬ್ರಿಟಿಷರಿಗೆ ನೆರವಾದರು ಅನ್ನುವ ಆರೋಪದ ಮೇಲೆ ಟಿಪ್ಪು ಅವರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಎಷ್ಟು ಜನ ಅನ್ನುವುದು ಒಬ್ಬೊಬ್ಬರ ಲೆಕ್ಕದಲ್ಲಿ ಒಂದೊಂದು. ಸೆರೆ ಕೊನೆಯಾಗಿದ್ದು 1799ರಲ್ಲಿ, ಟಿಪ್ಪು ಸತ್ತ ಮೇಲೆ. ಆದರೆ ಮೂರನೇ ಮೈಸೂರು ಯುದ್ಧದ ಗಡಿಬಿಡಿಯಲ್ಲೇ ತಪ್ಪಿಸಿಕೊಂಡ ಕೆಲವರು ಕೊಡಗಿಗೆ ಬಂದರು. ರಾಜ ಅವರಿಗೆ ತನ್ನ ಹೊಸ ಪೇಟೆಯಲ್ಲಿ ನೆಲೆ ಕೊಟ್ಟ.

ಯಾಕೆ ಕೊಟ್ಟ? ನನಗೆ ಈ ಕತೆಯಲ್ಲಿ ಜಾಸ್ತಿ ಹಿಡಿಸುವುದು ಇದೇ. ದೊಡ್ಡ ವೀರರಾಜೇಂದ್ರನೂ ಸೆರೆಯಲ್ಲಿದ್ದವನೇ! ಅವನನ್ನು ಟಿಪ್ಪುವಿನ ಕಡೆಯವರು ಕುಟುಂಬದ ಜೊತೆ ಪಿರಿಯಾಪಟ್ಟಣದಲ್ಲಿ ಇಟ್ಟಿದ್ದರು. 1788ರ ಕೊನೆಯಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬಂದು ಕೊಡಗನ್ನು ಮತ್ತೆ ಗೆದ್ದ. ಕೊಡವರನ್ನೂ ಸಾವಿರಾರು ಸಂಖ್ಯೆಯಲ್ಲಿ ಹಿಡಿದು ಒಯ್ದಿದ್ದರು. ಟಿಪ್ಪುವಿನ ಸೇನೆ ಕೊಡವರನ್ನು ಕೊಂದಿತು ಅನ್ನುವ ಜಾಗ ದೇವಟ್ಟಿಪರಂಬು; ಆ ಹೆಸರು ಇವತ್ತಿಗೂ ಕೊಡವ ಮನೆಗಳಲ್ಲಿ ಕೇಳಿಬರುತ್ತದೆ. ರಾಜ ವೀರಶೈವ, ನಾಡು ಕೊಡವರದ್ದು, ಬಂದವರು ಕೊಂಕಣಿ ಕ್ಯಾಥೊಲಿಕರು. ಮೂವರಿಗೂ ಇದ್ದ ನಂಟು ಅಂದರೆ ಟಿಪ್ಪುವಿನ ಸೆರೆ. ಯುದ್ಧದ ನಡುವೆ ಹೊಸ ಪೇಟೆಗೆ ಜನ ಬೇಕು ಅನ್ನುವ ಲೆಕ್ಕಾಚಾರವೂ ಅವನಿಗೆ ಇದ್ದೀತು. ರಾಜರು ಸುಮ್ನೆ ಏನೂ ಕೊಡುವುದಿಲ್ಲ, ಅಲ್ವಾ?

ಆಮೇಲೆ ಕಾಫಿ ಬಂತು. 1854ರಲ್ಲಿ ಫೌಲರ್ ಅನ್ನುವ ಯುರೋಪಿಯನ್ ಮಡಿಕೇರಿ ಬಳಿ ತೋಟ ಮಾಡಿದ ಮೇಲೆ ಕೆಲಸ ಹುಡುಕಿಕೊಂಡು ತಮಿಳರು, ಮಲಯಾಳಿಗಳು ಬಂದರು. ಪೂಜೆಯ ಸಾಲಿನಲ್ಲಿ ಕೊಂಕಣಿ ಜೊತೆಗೆ ಇನ್ನಷ್ಟು ಭಾಷೆ ಸೇರಿದವು.

ಇಷ್ಟೆಲ್ಲ ಪದವಿಯ ಪಠ್ಯದಲ್ಲಿ ಯಾಕಿಲ್ಲ? ಪಠ್ಯ ಯಾವಾಗಲೂ ಕೊಡಗಿನ ಆಚೆ ತಯಾರಾಗುತ್ತಿತ್ತು. ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಶುರುವಾಗಿದ್ದು 1949ರಲ್ಲಿ, ಆಗ ಅದು ಮದ್ರಾಸ್ ವಿಶ್ವವಿದ್ಯಾಲಯದ ಕೆಳಗೆ. 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು, ಕಾಲೇಜೂ ಮೈಸೂರಿನ ಕಡೆ ಹೋಯಿತು. 1980ರಿಂದ ಮಂಗಳೂರು. ಕೊಡಗಿಗೇ ಅಂತ ವಿಶ್ವವಿದ್ಯಾಲಯ ಬಂದಿದ್ದು 2023ರಲ್ಲಿ, ಚಿಕ್ಕ ಅಳುವಾರದಲ್ಲಿ. 2025ರಲ್ಲಿ ಹೊಸ ವಿವಿಗಳನ್ನು ಮುಚ್ಚುವ ಮಾತು ಎದ್ದಾಗ ಅದರ ಹೆಸರೂ ಪಟ್ಟಿಯಲ್ಲಿತ್ತು. ಹಾಗಾಗಿ ಊರಿನ ಇತಿಹಾಸ ತರಗತಿಗೆ ಬರಬೇಕಾದರೆ ಹೊರಗಿನ ಭಾಷಣಕಾರರ ಬಾಯಿಂದಲೇ ಬರಬೇಕು.

ಆ ಬಾಯಿಗೆ ಬೀಗ ಬಿದ್ದಿದ್ದು 2015ರ ನವೆಂಬರ್ 10ಕ್ಕೆ ಅನ್ನಬಹುದು. ರಾಜ್ಯ ಸರ್ಕಾರ ಮೊದಲ ಸಲ ಟಿಪ್ಪು ಜಯಂತಿ ಮಾಡಿದ ದಿನ ಮಡಿಕೇರಿಯಲ್ಲಿ ಗಲಾಟೆಯಾಯಿತು, ಸಾವೂ ಆಯಿತು. ಮುಂದಿನ ವರ್ಷಗಳಲ್ಲಿ ನವೆಂಬರ್ ಬಂತೆಂದರೆ ಪೊಲೀಸರು, ನಿಷೇಧಾಜ್ಞೆ. ಮಂಗಳೂರು ಕಡೆಯ ಕೆಲವು ಕ್ಯಾಥೊಲಿಕರೂ ಜಯಂತಿಯನ್ನು ವಿರೋಧಿಸಿದ್ದರು. 2019ರ ಜುಲೈನಲ್ಲಿ ಹೊಸ ಸರ್ಕಾರ ಜಯಂತಿಯನ್ನೇ ರದ್ದು ಮಾಡಿತು. ಆದರೂ ಕಾಲೇಜುಗಳಲ್ಲಿ ಅಳುಕು ಉಳಿಯಿತು. ಒಂದೇ ಬೆಂಚಿನಲ್ಲಿ ಕೊಡವರ ಹುಡುಗ, ಬ್ಯಾರಿ ಮುಸ್ಲಿಂ ಹುಡುಗಿ, ಕೊಂಕಣಿ ಹುಡುಗ ಕೂತಿರುತ್ತಾರೆ. ಯಾರಿಗೆ ಏನು ನೋವಾಗುತ್ತದೋ ಅನ್ನುವ ಪ್ರಾಂಶುಪಾಲರ ಭಯ ಸುಳ್ಳಲ್ಲ.

ಆದರೆ ಸುಮ್ಮನಿರುವುದೇ ಮದ್ದು ಅಂತ ನನಗನ್ನಿಸುವುದಿಲ್ಲ. ಕಾಲೇಜು ಹೇಳದ ಕತೆಯನ್ನು ವಾಟ್ಸಾಪ್ ಹೇಳುತ್ತದೆ, ಅರ್ಧ ಮಾತ್ರ. ಒಳ್ಳೆಯ ಭಾಷಣಕಾರ ಬಂದರೆ 1784ರ ಸೆರೆಯನ್ನೂ ಹೇಳುತ್ತಾನೆ. 1791ರಲ್ಲಿ ಮರಾಠಾ ದಂಡು ಶೃಂಗೇರಿ ಮಠವನ್ನು ದೋಚಿದಾಗ ಟಿಪ್ಪು ನೆರವು ಕಳಿಸಿದ್ದನ್ನೂ ಹೇಳುತ್ತಾನೆ. ನೆಲ ಕೊಟ್ಟ ವೀರರಾಜೇಂದ್ರನೇ ಕೊನೆಗಾಲದಲ್ಲಿ ಅನುಮಾನದ ರೋಗಕ್ಕೆ ಬಿದ್ದು ತನ್ನವರನ್ನೇ ಕೊಲ್ಲಿಸಿದ್ದನ್ನೂ ಬಿಡುವುದಿಲ್ಲ.

ಒಮ್ಮೆ ಇಂಥದ್ದೇ ಒಂದು ಸಭೆಯಲ್ಲಿ ನಾನು ಹಿಂದಿನ ಸಾಲಿನಲ್ಲಿದ್ದೆ. ಭಾಷಣ ಜೀವನದ ಗುರಿಯ ಬಗ್ಗೆ. ಪ್ರಶ್ನೆ ಇದೆಯಾ ಅಂದಾಗ ಒಬ್ಬ ಹುಡುಗಿ ಎದ್ದು, 'ಸರ್, ವಿರಾಜಪೇಟೆ ಚರ್ಚಿಗೆ ರಾಜ ಯಾಕೆ ಜಾಗ ಕೊಟ್ಟ?' ಅಂತ ಕೇಳಿದಳು. ಅತಿಥಿಗಳು ಪ್ರಾಂಶುಪಾಲರ ಮುಖ ನೋಡಿದರು. ಪ್ರಾಂಶುಪಾಲರು ಗಡಿಯಾರ ನೋಡಿದರು. ಮೂರು ಇಪ್ಪತ್ತೈದು. ವಂದನಾರ್ಪಣೆ ಶುರುವಾಯಿತು.